ಲೆಕ್ಕಕ್ಕಿಲ್ಲದ ಹತ್ತು ಸುತ್ತು

ಮೊದಲೇ ಹೇಳಿಬಿಡುತ್ತೇನೆ, ನನಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಿತ್ತು. ಮುಂದೆ ಪರೀಕ್ಷೆ, ಪಟ್ಟಿ, ವಿಡಿಯೊ, ವರದಿ ಎಲ್ಲ ಬರುತ್ತವೆ. ಆದರೆ ಅವಕ್ಕಿಂತ ಮುಂಚೆ ಇದ್ದದ್ದು ನನ್ನ ಹೊಟ್ಟೆಕಿಚ್ಚು. ಅದನ್ನು ಬಚ್ಚಿಟ್ಟು ಉಳಿದದ್ದನ್ನಷ್ಟೇ ಬರೆದರೆ, ಇಷ್ಟು ವರ್ಷ ಕೆಲಸ ಮಾಡಿದ ನಾನು ಅಂಥ ಎಳಸು ತಪ್ಪು ಹೇಗೆ ಮಾಡಿದೆ ಎಂಬುದು ಯಾರಿಗೂ ಅರ್ಥವಾಗುವುದಿಲ್ಲ.

ನಾನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಪಶುವೈದ್ಯ. ಮನೆ ಚಾಮರಾಜನಗರದಲ್ಲಿ. ಬೆಳಗಿನ ಬಸ್ಸಿಗೆ ಬರುತ್ತೇನೆ, ಸಂಜೆ ಬಸ್ಸಿಗೆ ಹೋಗುತ್ತೇನೆ. ಹಳ್ಳಿ ಸುತ್ತಲು ಒಂದು ಹಳೆಯ ಬೈಕನ್ನು ಆಸ್ಪತ್ರೆಯ ಹಿಂದೆ ಇಟ್ಟುಕೊಂಡಿದ್ದೇನೆ. ಆ ಬೈಕಿನ ಸದ್ದು ಸುತ್ತಲಿನ ದನಗಳಿಗೆಲ್ಲ ಗೊತ್ತು. ನಾನು ಬೀದಿಯ ತಿರುವಿಗೆ ಬರುವ ಹೊತ್ತಿಗೇ ಕೊಟ್ಟಿಗೆಗಳಲ್ಲಿ ಹಗ್ಗ ಜಗ್ಗುವುದು ಶುರುವಾಗುತ್ತದೆ. ಸೂಜಿ, ಔಷಧಿಯ ವಾಸನೆ, ಬಾಯೊಳಗೆ ಕೈ, ಬಾಲದ ಕೆಳಗೆ ಕೈ, ಇಷ್ಟು ವರ್ಷ ಅವಕ್ಕೆ ನನ್ನಿಂದ ಸಿಕ್ಕಿದ್ದು ಇಷ್ಟೇ. ಚಿಕ್ಕಂದಿನಲ್ಲಿ ದನವೆಂದರೆ ಪ್ರಾಣ ಬಿಡುತ್ತಿದ್ದೆ, ಅದಕ್ಕೇ ಈ ಓದು ಓದಿದೆ. ಓದಿದ ಮೇಲೆ ಒಂದು ಕರುವೂ ತಾನಾಗಿ ನನ್ನ ಹತ್ತಿರ ಬಂದದ್ದಿಲ್ಲ.

ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆಗೆ ಹೋಗುವಾಗ ಚೆಂಡುಹೂವಿನ ಹೊಲಗಳ ನಡುವೆ ಒಳಕ್ಕೆ ತಿರುಗಿದರೆ ಒಂದು ಊರು ಸಿಗುತ್ತದೆ. ಅಲ್ಲಿ ಒಬ್ಬ ಬಸಪ್ಪನಿದ್ದಾನೆ. ನಮ್ಮ ಕಡೆಯ ಬಸಪ್ಪನನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಬಸಪ್ಪ ಎಂದರೆ ದೇವರಿಗೆ ಬಿಟ್ಟ ಗೂಳಿ. ಅವನು ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ. ಊರಿನವರಿಗೆ ತಮ್ಮತಮ್ಮಲ್ಲೇ ಬಗೆಹರಿಯದ ಮಾತನ್ನು ಅವನ ಮುಂದೆ ಇಡುತ್ತಾರೆ. ಕಳೆದ ಒಡವೆ ಯಾರ ಹತ್ತಿರ ಇದೆ, ಎರಡು ಸಂಬಂಧದಲ್ಲಿ ಯಾವುದನ್ನು ಒಪ್ಪಬೇಕು, ಗುಡಿಯ ಅರ್ಚಕ ಯಾರಾಗಬೇಕು, ಹೀಗೆ. ಆ ಊರಿನ ಪದ್ಧತಿಯಲ್ಲಿ ಜನ ಹೆಗಲ ಮೇಲೆ ಬಿಳಿ ಟವೆಲ್ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಬಸಪ್ಪ ಸಾಲಿನ ಮುಂದೆ ನಡೆದು ಬರುತ್ತಾನೆ, ಒಬ್ಬರ ಟವೆಲನ್ನು ಬಾಯಲ್ಲಿ ಹಿಡಿದು ಎಳೆಯುತ್ತಾನೆ. ಅದೇ ಉತ್ತರ.

ಕಾಲುಬಾಯಿ ರೋಗದ ಲಸಿಕೆ ಹಾಕಲು ಮೊದಲ ಸಲ ಆ ಊರಿಗೆ ಹೋದ ದಿನವೇ ನನ್ನ ಹೊಟ್ಟೆ ಉರಿದದ್ದು. ಹಳ್ಳಿಕಾರ್ ತಳಿಯ ಗೂಳಿ, ಮೂಗುದಾರವಿಲ್ಲ, ಕೊಂಬು ನೋಡಿದರೆ ಎರಡು ಹೆಜ್ಜೆ ಹಿಂದೆ ಸರಿಯಬೇಕು. ನಾಲ್ಕು ಜನರನ್ನು ಕರೆಯಿರಿ, ಗಟ್ಟಿ ಹಗ್ಗ ತನ್ನಿ ಎಂದು ನಾನು ಹೇಳುತ್ತಿರುವಾಗ, ಐವತ್ತು ದಾಟಿದ ಸಣಕಲು ಆಳೊಬ್ಬ ಬಂದು ಬಸಪ್ಪನ ಕತ್ತಿನಡಿ ಜೋಲುವ ಗಂಗೆದೊಗಲಿನ ಕೆಳಗೆ ಅಂಗೈ ಇಟ್ಟ.

"ನಿಂತ್ಕಳಪ್ಪ, ಡಾಕ್ಟ್ರು ಒಳ್ಳೇರು," ಎಂದ.

ನಾನು ಸೂಜಿ ಚುಚ್ಚಿ ತೆಗೆದರೂ ಬಸಪ್ಪ ಬಾಲ ಕೂಡ ಆಡಿಸಲಿಲ್ಲ. ಅವನ ಕಣ್ಣು ಆ ಮನುಷ್ಯನ ಮುಖದ ಮೇಲಿತ್ತು. ನಾನು ಅಲ್ಲಿದ್ದೇನೆ ಎಂಬುದೇ ಅವನ ಲೆಕ್ಕದಲ್ಲಿರಲಿಲ್ಲ.

ಆ ಮನುಷ್ಯನನ್ನು ಊರಿನವರು ಹಗ್ಗದಯ್ಯ ಎನ್ನುತ್ತಾರೆ, ಬಸಪ್ಪನ ಹಗ್ಗ ಹಿಡಿಯುವವನು ಅಂತ. ಹಗ್ಗ ಯಾವಾಗಲೂ ಅವನ ಹೆಗಲ ಮೇಲೇ ಇರುತ್ತದೆ, ಕಟ್ಟಿದ್ದನ್ನು ನಾನು ನೋಡಿಲ್ಲ. ಕೂಲಿ ಮಾಡಿ ಬದುಕುವ ಮನೆಯವನು. ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ. ಓದು ಬರಹ ಇಲ್ಲ. ಅವನಿಗೆ ಸಿಕ್ಕಿದ್ದು ನನಗೆ ಯಾಕೆ ಸಿಗಲಿಲ್ಲ ಎಂದು ಆ ದಿನ ಬೈಕಿನ ಮೇಲೆ ಪೂರ್ತಿ ದಾರಿ ಯೋಚಿಸಿದ್ದೆ. ಆಮೇಲೂ ಪ್ರತಿ ಲಸಿಕೆಗೆ ಹೋದಾಗ ಅದೇ ಯೋಚನೆ.

ಕಳೆದ ವರ್ಷ ಆ ಊರಿನ ಗುಡಿಯ ಅರ್ಚಕರು ತೀರಿಕೊಂಡರು. ಅವರ ಜಾಗಕ್ಕೆ ಅಣ್ಣನ ಮಗ, ತಮ್ಮನ ಮಗ ಇಬ್ಬರೂ ನಿಂತರು. ಬಸಪ್ಪ ಅಣ್ಣನ ಮಗನ ಟವೆಲ್ ಎಳೆದ. ತಮ್ಮನ ಕಡೆಯವರು ಒಪ್ಪಲಿಲ್ಲ. ಹಗ್ಗದಯ್ಯ ಗುಟ್ಟಾಗಿ ಸನ್ನೆ ಕಲಿಸಿದ್ದಾನೆ, ದೇವರ ಹೆಸರಿನಲ್ಲಿ ಮೋಸ ನಡೆದಿದೆ ಎಂದರು. ಗುಡಿಗೆ ಬೀಗ ಬಿತ್ತು. ಕೊನೆಗೆ ಎರಡೂ ಕಡೆಯವರು ಸೇರಿ ಒಂದು ಒಪ್ಪಂದಕ್ಕೆ ಬಂದು, ಊರಿನ ಯಜಮಾನರು ಅದನ್ನು ಹೇಳಲು ಆಸ್ಪತ್ರೆಗೇ ಬಂದರು.

"ಡಾಕ್ಟ್ರೇ, ದನದ ಇಚಾರ ಇದು, ನೀವೇ ನೋಡ್ಬುಡಿ. ಮೋಸ ಅಂತ ಕಂಡ್ರೆ ಹಗ್ಗದಯ್ಯ ಬಸಪ್ಪನ ತಂಟೆಗೆ ಬರಂಗಿಲ್ಲ. ಬಸಪ್ಪನ್ನ ಪುಣಜನೂರು ಕಡೆ ಒಂದು ಗುಡಿಗೆ ಬುಟ್ಬುಡ್ತೀವಿ. ಮೋಸ ಇಲ್ಲ ಅಂದ್ರೆ ಬಾಯ್ ಮುಚ್ಕಂಡು ಅಣ್ಣನ ಮಗನ್ನೇ ಒಪ್ಕತೀವಿ. ಎಲ್ರೂ ರುಜು ಆಕವ್ರೆ."

ಹಗ್ಗದಯ್ಯನಿಂದ ಬಸಪ್ಪನನ್ನು ಬಿಡಿಸುವ ಅಧಿಕಾರ ನನ್ನ ಕೈಗೆ ಬಂದಿತ್ತು. ನಾನು ಎರಡನೆಯ ಮಾತಾಡದೆ ಒಪ್ಪಿಕೊಂಡೆ.

ಚಾಮರಾಜನಗರದಲ್ಲಿ ನನ್ನ ಹಾಸ್ಟೆಲ್ ಕಾಲದ ಗೆಳೆಯನೊಬ್ಬ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾನೆ. ಕಲ್ಲು ಬೀಳುವ ಮನೆ, ತಾನಾಗಿ ಹೊತ್ತಿಕೊಳ್ಳುವ ಸೀರೆ, ಮೈಮೇಲೆ ಬಂದು ಕಳ್ಳನ ಹೆಸರು ಹೇಳುವ ಹೆಂಗಸು, ಇಂಥವನ್ನೆಲ್ಲ ಹೋಗಿ ಪರೀಕ್ಷೆ ಮಾಡುವುದು ಅವನ ಹುಚ್ಚು. ಯಾರನ್ನೂ ಗೇಲಿ ಮಾಡುವವನಲ್ಲ. ಅವನ ಹತ್ತಿರ ಹೋದಾಗ ಮೊದಲು ಒಂದು ನೋಟ್‌ಪುಸ್ತಕ ಕೊಟ್ಟ.

"ಮೊದಲು ಬರೆಯೋದು, ಆಮೇಲೆ ನೋಡೋದು. ಎಷ್ಟು ಸುತ್ತು, ಎಷ್ಟು ಸರಿಯಾದರೆ ಪಾಸು, ಎಲ್ಲ ಮುಂಚೆನೇ ಬರೆದು ಎರಡೂ ಕಡೆಯವರ ರುಜು ಹಾಕಿಸು. ಇನ್ನೊಂದು, ನಿನಗೆ ಏನು ಕಾಣಬೇಕು ಅಂತ ಆಸೆ ಇದೆಯೋ ಅದನ್ನ ಮೊದಲ ಪುಟದಲ್ಲಿ ಬರ್ಕೋ. ಆಸೆ ಇಟ್ಕೊಂಡೋನೇ ಮೊದಲು ಮೋಸ ಹೋಗೋದು ಕಣಯ್ಯ."

"ನನಗೇನು ಆಸೆ? ನಾನು ಸರ್ಕಾರಿ ಡಾಕ್ಟ್ರು," ಎಂದೆ. ಮೊದಲ ಪುಟ ಖಾಲಿ ಉಳಿಯಿತು.

ಇಬ್ಬರೂ ಕೂತು ವಿಧಾನ ಹೊಂದಿಸಿದೆವು. ಎರಡೂ ಕಡೆಗೆ ಸೇರದ ಐದು ಜನರನ್ನು ಪಕ್ಕದೂರಿನಿಂದ ಕರೆತರುವುದು. ಒಂದೇ ಸೋಪಿನಲ್ಲಿ ಒಗೆದ ಐದು ಹೊಸ ಟವೆಲ್. ಒಬ್ಬೊಬ್ಬರ ಕೈಯಲ್ಲೂ ಮುಚ್ಚಿದ ಒಂದು ಸ್ಟೀಲ್ ಡಬ್ಬಿ. ಒಂದು ಡಬ್ಬಿಯಲ್ಲಿ ಗುಡಿಯ ಹಳೆಯ ನಾಣ್ಯ, ಉಳಿದ ನಾಲ್ಕರಲ್ಲಿ ಅಷ್ಟೇ ತೂಕದ ಕಬ್ಬಿಣದ ಬಿಲ್ಲೆ, ಎಲ್ಲವೂ ಸದ್ದಾಗದಂತೆ ಹತ್ತಿಯಲ್ಲಿ ಸುತ್ತಿದ್ದು. ಯಾರ ಡಬ್ಬಿಗೆ ನಾಣ್ಯ ಎಂಬುದನ್ನು ಪ್ರತಿ ಸುತ್ತಿಗೂ ಚೀಟಿ ಎತ್ತಿ ಗೊತ್ತುಮಾಡುವುದು. ಕೂತವರಿಗೂ ತಮ್ಮ ಡಬ್ಬಿಯಲ್ಲಿ ಏನಿದೆ ಎಂದು ತಿಳಿಯಬಾರದು. ನಾಣ್ಯ ಇರುವವರ ಟವೆಲನ್ನು ಬಸಪ್ಪ ಎಳೆಯಬೇಕು. ಕಣ್ಣು ಮುಚ್ಚಿ ಆರಿಸಿದರೂ ಐದು ಸುತ್ತಿಗೆ ಒಂದು ಸರಿಯಾಗುತ್ತದೆ. ಹಾಗಾಗಿ ಇಪ್ಪತ್ತು ಸುತ್ತಿನಲ್ಲಿ ನಾಲ್ಕೈದು ಸರಿಯಾದರೆ ಅದರಲ್ಲಿ ಏನೂ ಇಲ್ಲ, ಹತ್ತು ಅಥವಾ ಹೆಚ್ಚು ಸರಿಯಾದರೆ ಒಪ್ಪಲೇಬೇಕು ಎಂದು ಬರೆದೆವು. ಪಟ್ಟಿಗೆ ನಾಲ್ಕು ಕಾಲಂ: ಎಷ್ಟನೇ ಸುತ್ತು, ನಾಣ್ಯ ಯಾರಲ್ಲಿತ್ತು, ಬಸಪ್ಪ ಯಾರನ್ನು ಎಳೆದ, ಅಲ್ಲಿದ್ದವರಲ್ಲಿ ಯಾರಿಗೆ ಗೊತ್ತಿತ್ತು. ನಾಲ್ಕನೆಯ ಕಾಲಂ ಯಾಕೆ ಎಂದು ಕೇಳಿದೆ. ಅದೇ ಮುಖ್ಯ, ಒಂದು ಸುತ್ತಿಗೂ ಖಾಲಿ ಬಿಡಬೇಡ ಎಂದ ಗೆಳೆಯ.

ಮೊದಲ ದಿನ ಬೆಳಿಗ್ಗೆ ಗುಡಿಯ ಮುಂದಿನ ಬಯಲಿನಲ್ಲಿ ಶುರು ಮಾಡಿದೆವು. ಮೊದಲಿಗೆ ಅವರ ಪದ್ಧತಿ ಇದ್ದ ಹಾಗೇ ನೋಡೋಣ ಎಂದು, ನಾಣ್ಯ ಯಾರಲ್ಲಿದೆ ಎಂಬುದನ್ನು ಹಗ್ಗದಯ್ಯನಿಗೆ ತಿಳಿಸಿ ಹತ್ತು ಸುತ್ತು ನಡೆಸಿದೆವು, ಗೆಳೆಯ ನನ್ನ ಮೊಬೈಲಿನಲ್ಲಿ ವಿಡಿಯೊ ಮಾಡಿದ. ಒಂಬತ್ತು ಸರಿ. ನಾನು ಅವನ ಕೈ, ತುಟಿ, ಹೆಗಲು ಬಿಟ್ಟು ಬೇರೇನೂ ನೋಡಲಿಲ್ಲ. ಬಸಪ್ಪನ ಎಡಕ್ಕೆ ಎರಡು ಹೆಜ್ಜೆ ದೂರದಲ್ಲಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಡೆದ. ಕೆಮ್ಮಲಿಲ್ಲ, ನಾಲಿಗೆ ಲೊಚಗುಟ್ಟಲಿಲ್ಲ. ಬಸಪ್ಪ ಟವೆಲ್ ಎಳೆದ ಮೇಲೆ ಪದ್ಧತಿಯಂತೆ ಒಂದು ಚೂರು ಬೆಲ್ಲ ಕೊಟ್ಟ, ಅಷ್ಟೇ. ಏನೂ ಸಿಗದೆ ನನಗೆ ಮೈ ಪರಚಿಕೊಳ್ಳುವಂತಾಯಿತು.

ಮಧ್ಯಾಹ್ನ ಹಗ್ಗದಯ್ಯನನ್ನು ಕೆರೆ ಏರಿಯ ಆಚೆಗೆ ಕಳಿಸಿದೆವು. ಯಜಮಾನರು ಬಸಪ್ಪನನ್ನು ನಡೆಸಲು ಹೋದರು. ಬಸಪ್ಪ ಏರಿಯ ಕಡೆ ಮುಖ ಮಾಡಿ ನಿಂತವನು ಒಂದು ಗಂಟೆ ಅಲ್ಲಾಡಲಿಲ್ಲ. ಕೂಗಿದ. ಬಲವಂತ ಮಾಡಿದ್ದಕ್ಕೆ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಕೊಂಬಿನಲ್ಲಿ ಎತ್ತಿ ಎಸೆದ. ಕೂತಿದ್ದ ಐವರಲ್ಲಿ ಇಬ್ಬರು ಟವೆಲ್ ಸಮೇತ ಓಡಿಹೋದರು. ಆ ದಿನದ ಕೆಲಸ ಅಲ್ಲಿಗೆ ನಿಂತಿತು.

"ಬಸಪ್ಪ ಒಪ್ಪಿಕೊಳ್ಳುವಂಥ ಇನ್ನೊಬ್ಬ ಮನುಷ್ಯ ಬೇಕು. ಯಾರಾದರೂ ಎರಡು ವಾರ ಅವನ ಜೊತೆ ಓಡಾಡಿ..." ಎಂದು ಗೆಳೆಯ ಹೇಳುತ್ತಿದ್ದ.

"ನಾನು," ಎಂದೆ. ಅವನ ಮಾತು ಇನ್ನೂ ಮುಗಿದಿರಲಿಲ್ಲ.

ಆ ಎರಡು ವಾರ ದಿನಾ ಹೋದೆ. ಬೈಕನ್ನು ಊರಾಚೆ ನಿಲ್ಲಿಸಿ ನಡೆದು ಹೋಗುತ್ತಿದ್ದೆ. ಔಷಧಿಯ ವಾಸನೆ ಹೋಗಲಿ ಎಂದು ಆಸ್ಪತ್ರೆಯ ಅಂಗಿ ಬಿಚ್ಚಿ ಬೇರೆ ಅಂಗಿ ಹಾಕುತ್ತಿದ್ದೆ. ಬಾಳೆಹಣ್ಣು, ಬೆಲ್ಲ, ಹಸಿ ಜೋಳದ ಕಡ್ಡಿ, ಏನೆಲ್ಲ ಒಯ್ದೆ. ಮೊದಲ ನಾಲ್ಕು ದಿನ ಹಣ್ಣು ತಿಂದು ಮುಖ ತಿರುಗಿಸಿದ. ಕೊನೆಗೆ ಹಗ್ಗದಯ್ಯನೇ ಹೇಳಿಕೊಟ್ಟ.

"ಎದ್ರಿಂದ ಓಗ್ಬೇಡಿ ಸಾ, ಎಡಗಡೆಯಿಂದ ಓಗಿ. ಕಣ್ಣಲ್ಲಿ ಕಣ್ ಮಡಗ್ಬೇಡಿ. ಉಸ್ರು ನಿಧಾನಕ್ಕೆ ಬುಡಿ. ನೀವು ಎದ್ರುಕಂಡ್ರೆ ಅವ್ನಿಗೆ ಗೊತ್ತಾಯ್ತದೆ."

ತನ್ನನ್ನು ಬಸಪ್ಪನಿಂದ ಬಿಡಿಸಬಹುದಾದ ಪರೀಕ್ಷೆಗೆ ಅವನೇ ನನ್ನನ್ನು ತಯಾರು ಮಾಡುತ್ತಿದ್ದ. ಅದು ಅವನಿಗೆ ಗೊತ್ತೂ ಇತ್ತು. ಒಂದಿಷ್ಟಾದರೂ ಕೊಸರಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಂಬತ್ತನೆಯ ದಿನ ಬಸಪ್ಪ ನನ್ನ ಅಂಗೈ ನೆಕ್ಕಿದ. ಒರಟು ನಾಲಿಗೆ, ಬೆಚ್ಚಗೆ. ನಾನು ಆ ಕೈಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಮನೆಯಲ್ಲಿ ಹೇಳಿದರೆ ಹೆಂಡತಿ ನಕ್ಕಳು.

"ಬಸಪ್ಪ ನೆಕ್ಕಿದ ಕೈ ಅಂತ ತೊಳೀದೆ ಊಟಕ್ಕೆ ಬಂದೀರಾ, ಜೋಕೆ!"

ಎರಡನೆಯ ಪರೀಕ್ಷೆಯ ದಿನ ಒಂಬತ್ತು ಗಂಟೆಗೆ ಗೆಳೆಯ ಬರಬೇಕಿತ್ತು. ನಾಣ್ಯ ಇಡುವವನು ಅವನು, ಬಸಪ್ಪನ ಜೊತೆ ನಡೆಯುವವನು ನಾನು, ಹೀಗೆಂದು ಬರೆದಿದ್ದೆವು. ದಾರಿಯಲ್ಲಿ ಈರುಳ್ಳಿ ಲಾರಿಯೊಂದು ಮಗುಚಿಕೊಂಡು ಅವನ ಬಸ್ಸು ನಿಂತುಬಿಟ್ಟಿತು.

"ನಾನು ಬರೋವರೆಗೂ ಶುರು ಮಾಡಬೇಡ," ಎಂದು ಫೋನಿನಲ್ಲಿ ಹೇಳಿದ.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಬಿಸಿಲೇರಿತು. ಹಗ್ಗದಯ್ಯ ಏರಿಯ ಆಚೆಗೆ ಹೋಗಿ ಆಗಿತ್ತು. ಊರೆಲ್ಲ ಬಂದು ಸುತ್ತ ನಿಂತಿತ್ತು. ಬಸಪ್ಪ ನನ್ನ ಪಕ್ಕದಲ್ಲಿ, ಹಗ್ಗವಿಲ್ಲದೆ, ಶಾಂತವಾಗಿ ನಿಂತಿದ್ದ. ಈ ದಿನ ಬಿಟ್ಟರೆ ಇನ್ನೊಮ್ಮೆ ಹೀಗೆ ನಿಲ್ಲುತ್ತಾನೋ ಇಲ್ಲವೋ ಎಂಬ ಭಯ ಒಂದು ಕಡೆ. ಊರಿನವರೆಲ್ಲ ನೋಡುತ್ತಿರುವಾಗ ಅವನು ನನ್ನ ಜೊತೆ ನಡೆಯಬೇಕು ಎಂಬ ಆಸೆ ಇನ್ನೊಂದು ಕಡೆ. ನಿಜ ಹೇಳಬೇಕೆಂದರೆ ಆಸೆಯೇ ಹೆಚ್ಚು. ಚೀಟಿ ನಾನೇ ಎತ್ತಿದೆ, ಗುಡಿಯ ಹಿಂದೆ ಹೋಗಿ ನಾಣ್ಯವನ್ನು ನಾನೇ ಇಟ್ಟೆ, ಡಬ್ಬಿ ನಾನೇ ಹಂಚಿದೆ. ಬಂದು ಬಸಪ್ಪನ ಎಡಕ್ಕೆ ನಿಂತು ನಡೆದೆ. ಡೈರಿಯ ಕಾರ್ಯದರ್ಶಿ ನನ್ನ ಮೊಬೈಲಿನಲ್ಲಿ ವಿಡಿಯೊ ಮಾಡಿದರು.

ಮೊದಲ ಸುತ್ತು, ನಾಲ್ಕನೆಯವನ ಟವೆಲ್. ಸರಿ. ಎರಡನೆಯದು ಸರಿ. ಮೂರು ತಪ್ಪಿತು. ಅಲ್ಲಿಂದ ಎಂಟರವರೆಗೆ ಒಂದೂ ತಪ್ಪಲಿಲ್ಲ. ಹತ್ತು ಸುತ್ತಿಗೆ ಎಂಟು ಸರಿ. ಬರೆದಂತೆ ಇಪ್ಪತ್ತು ಮುಗಿಸಬೇಕೆಂಬುದು ನನಗೂ ಸೇರಿ ಯಾರಿಗೂ ನೆನಪಾಗಲಿಲ್ಲ. ಜನ ಹೋ ಎಂದರು. ಹೆಂಗಸರು ಬಂದು ಬಸಪ್ಪನ ಕಾಲು ಮುಟ್ಟಿದರು. ನನಗೆ ಏನಾಗಿತ್ತೆಂದು ಹೇಗೆ ಹೇಳಲಿ? ಪ್ರತಿ ಸುತ್ತಿನಲ್ಲೂ ಅವನ ಒಂದು ಕಿವಿ ನನ್ನ ಕಡೆ ತಿರುಗಿತ್ತು. ಇಷ್ಟು ದೊಡ್ಡ ಪ್ರಾಣಿ ನನ್ನ ಹೆಜ್ಜೆಗೆ ಹೆಜ್ಜೆ ಹಾಕಿತ್ತು. ಇಪ್ಪತ್ತು ವರ್ಷದ ಕೆಲಸದಲ್ಲಿ ಅಷ್ಟು ಸಂತೋಷ ನನಗೆ ಆಗಿರಲಿಲ್ಲ.

ಗದ್ದಲ ಕೇಳಿ ಹಗ್ಗದಯ್ಯ ಏರಿ ಇಳಿದು ಓಡಿಬಂದ.

"ನಿಮ್ ಜೊತೇನೂ ಮಾಡ್ಬುಟ್ನಾ ಸಾ?" ಎಂದ.

ಅವನು ಗೆದ್ದಿದ್ದ. ತಾನಿಲ್ಲದೆಯೂ ಬಸಪ್ಪ ಸರಿಯಾಗಿ ಹೇಳಿದ್ದರಿಂದ ಸನ್ನೆಯ ಆರೋಪ ಬಿದ್ದುಹೋಗಿತ್ತು. ಆದರೂ ಅವನ ಮುಖ ಸಣ್ಣಗಾಗಿತ್ತು. ಅದನ್ನು ನೋಡಿ ನನಗೆ ಹಿತವಾಯಿತು. ಇದನ್ನೂ ಬರೆಯಲೇಬೇಕು.

"ಮುಗೀತಲ್ಲ ಡಾಕ್ಟ್ರೇ, ಸನ್ನೆನೂ ಇಲ್ಲ ಪನ್ನೆನೂ ಇಲ್ಲ. ಬರ್ಕೊಟ್ಬುಡಿ," ಎಂದರು ಯಜಮಾನರು.

ನಾಳೆ ಬರೆದುಕೊಡುತ್ತೇನೆ ಎಂದೆ.

ಎರಡು ಗಂಟೆಗೆ ಗೆಳೆಯ ಬಂದ. ಶಾಲೆಯ ಒಂದು ಕೊಠಡಿಯಲ್ಲಿ ಕೂತು ನೋಟ್‌ಪುಸ್ತಕ ತೆಗೆದ. ಎಂಟು ಸರಿ ಎಂದು ಹೇಳಲು ನಾನು ಬಾಯಿ ತೆರೆಯುವ ಮೊದಲೇ ನಾಲ್ಕನೆಯ ಕಾಲಮಿನ ಮೇಲೆ ಬೆರಳಿಟ್ಟ. ಹತ್ತೂ ಸುತ್ತಿಗೆ ಅದು ಖಾಲಿ.

"ನಾಣ್ಯ ಯಾರಲ್ಲಿದೆ ಅಂತ ಯಾರಿಗೆ ಗೊತ್ತಿತ್ತು?"

"ನನಗೆ."

"ಬಸಪ್ಪನ ಜೊತೆ ನಡೆದೋನು?"

ಅವನು ಬೈಯಲಿಲ್ಲ. ವಿಡಿಯೊ ಹಾಕು ಎಂದ. ನಿಧಾನದ ವೇಗದಲ್ಲಿ ನೋಡಿದೆವು. ಮೊದಲು ನನಗೆ ಏನೂ ಕಾಣಲಿಲ್ಲ. ಮೂರನೆಯ ಸಲ ನೋಡಿದಾಗ ಕಂಡಿತು. ನಾಣ್ಯವಿರುವ ಮನುಷ್ಯನ ಹತ್ತಿರ ಬರುತ್ತಿದ್ದಂತೆ ನನ್ನ ಎಡಗಾಲಿನ ಹೆಜ್ಜೆ ಗಿಡ್ಡವಾಗುತ್ತಿತ್ತು, ಎದೆ ಉಬ್ಬಿ ಅಲ್ಲೇ ನಿಲ್ಲುತ್ತಿತ್ತು. ಉಸಿರು ಹಿಡಿಯುತ್ತಿದ್ದೆ. ಆ ಕ್ಷಣಕ್ಕೇ ಬಸಪ್ಪನ ಕಿವಿ ತಿರುಗುತ್ತಿತ್ತು, ಅವನು ನಿಂತು ಟವೆಲ್ಲಿಗೆ ಬಾಯಿ ಹಾಕುತ್ತಿದ್ದ. ತಪ್ಪಿದ ಎರಡು ಸುತ್ತಿನಲ್ಲಿ ಒಂದರಲ್ಲಿ ನಾನು ಎಡವಿದ್ದೆ, ಇನ್ನೊಂದರಲ್ಲಿ ಸೀನಿದ್ದೆ.

ಮೊದಲ ದಿನದ ವಿಡಿಯೊವನ್ನೂ ತೆಗೆದು ನೋಡಿದೆವು. ಹಗ್ಗದಯ್ಯನ ಕೈಯನ್ನೇ ನೋಡುತ್ತಿದ್ದ ನಾನು ಅವನ ಉಸಿರನ್ನು ನೋಡಿರಲಿಲ್ಲ. ಅಲ್ಲೂ ಅದೇ. ನನ್ನದಕ್ಕಿಂತ ಎಷ್ಟೋ ಸಣ್ಣದು, ಅಂಗಿಯ ಒಂದು ಮಡಿಕೆ ಅಲುಗದೆ ನಿಲ್ಲುವಷ್ಟು. ಅದೂ ಬಸಪ್ಪನಿಗೆ ಸಾಕಾಗಿತ್ತು.

"ಬೇಕು ಅಂತ ಮಾಡ್ತಿಲ್ಲ ಕಣಯ್ಯ, ನೀನೂ ಮಾಡಿಲ್ಲ, ಅವನೂ ಮಾಡಿಲ್ಲ," ಎಂದ ಗೆಳೆಯ. "ಟವೆಲ್ ಎಳೆದ ಮೇಲೆ ಬೆಲ್ಲ ಸಿಗುತ್ತೆ. ಜೊತೆಯಲ್ಲಿರೋ ಮನುಷ್ಯ ಎಲ್ಲಿ ಬಿಗಿಯಾಗ್ತಾನೆ ಅಂತ ನೋಡಿದ್ರೆ ಬೆಲ್ಲ ಎಲ್ಲಿದೆ ಅಂತ ಗೊತ್ತಾಗುತ್ತೆ. ವರ್ಷಗಟ್ಟಲೆ ನೋಡಿ ಕಲ್ತಿದ್ದಾನೆ."

ಮುಂದೇನು ಎಂದು ಕೇಳಿದರೆ, ಬರೆಯುವವನು ನೀನು, ತೀರ್ಮಾನವೂ ನಿನ್ನದೇ ಎಂದುಬಿಟ್ಟ.

ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸಿದೆ. ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದು. ಹಗ್ಗದಯ್ಯ ಉಳಿಯುತ್ತಾನೆ, ಗುಡಿಯ ಬೀಗ ತೆರೆಯುತ್ತದೆ. ಬಸಪ್ಪ ಡಾಕ್ಟ್ರ ಮಾತನ್ನೂ ಕೇಳಿದ ಎಂದು ಊರು ಹೇಳಿಕೊಂಡು ಓಡಾಡುತ್ತದೆ, ಅದೂ ನನ್ನದಾಗಿ ಉಳಿಯುತ್ತದೆ. ಹೇಳಿಬಿಟ್ಟರೆ ನನ್ನ ಮಾನ ಹೋಗುತ್ತದೆ, ಹಗ್ಗದಯ್ಯನ ಕಥೆ ಏನಾಗುತ್ತದೋ ಗೊತ್ತಿಲ್ಲ. ಆದರೆ ಸುಳ್ಳು ವರದಿಯ ಮೇಲೆ ಒಬ್ಬ ಅರ್ಚಕ ಕೂರುತ್ತಾನೆ, ಅದಕ್ಕೆ ನನ್ನ ರುಜು ಇರುತ್ತದೆ. ಮನೆ ಸೇರುವ ಹೊತ್ತಿಗೆ ನೋಟ್‌ಪುಸ್ತಕ ತೆಗೆದು ನಾಲ್ಕನೆಯ ಕಾಲಮಿನಲ್ಲಿ ಹತ್ತು ಸಲ 'ನನಗೆ' ಎಂದು ಬರೆದೆ. ಕೆಳಗೆ, 'ಈ ಹತ್ತು ಸುತ್ತು ಲೆಕ್ಕಕ್ಕಿಲ್ಲ' ಎಂದು ಬರೆದು ರುಜು ಹಾಕಿದೆ. ಮೊದಲ ಪುಟಕ್ಕೆ ತಿರುಗಿಸಿ, ಅಲ್ಲಿ ಬರೆಯಬೇಕಾಗಿದ್ದನ್ನೂ ಬರೆದೆ: 'ಹಗ್ಗದಯ್ಯ ಮೋಸಗಾರ ಎಂದು ಕಾಣಬೇಕೆಂದು ನನಗೆ ಆಸೆ ಇದೆ.'

ಮಾರನೆಯ ದಿನ ಗುಡಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಮೊದಲ ಪುಟವನ್ನೂ ಓದಿದೆ. ಆಮೇಲೆ ತಮ್ಮನ ಕಡೆಯ ಹಿರಿಯರೊಬ್ಬರು ಎದ್ದರು.

"ಅಂಗಾರೆ ಹಗ್ಗದಯ್ಯನೂ ಇಂಗೇ ಮಾಡ್ತಿದ್ದ ಅನ್ನಿ! ನಾವು ಯೋಳಿದ್ದೂ ಅದನ್ನೇ ಅಲ್ವಾ?"

ಗಲಾಟೆ ಎದ್ದಿತು. ಹಗ್ಗದಯ್ಯ ಒಂದು ಮೂಲೆಯಲ್ಲಿ ಬಸಪ್ಪನ ಕತ್ತಿಗೆ ಒರಗಿ ನಿಂತಿದ್ದ. ನಾನು ಗಂಟಲು ಏರಿಸಿ ಹೇಳಿದೆ, ನಾನೇನು ಬಸಪ್ಪನಿಗೆ ಸನ್ನೆ ಕಲಿಸಿದ್ದೆನೇ? ಎರಡು ವಾರದ ಪರಿಚಯ. ನನ್ನ ಮೈ ತಾನಾಗಿ ಮಾಡಿದ್ದು ಮೋಸವಲ್ಲವಾದರೆ ಅವನದೂ ಅಲ್ಲ. ಬೇಕಾದರೆ ಅದನ್ನೂ ಪರೀಕ್ಷೆ ಮಾಡೋಣ, ಎರಡನ್ನೂ ಬೇರೆ ಬೇರೆಯಾಗಿ.

ಅದೇ ವಾರ ಮೂರನೆಯ ಸಲ ಕೂತೆವು. ಮೊದಲಿಗೆ ಮೋಸದ ಪರೀಕ್ಷೆ. ನಾಣ್ಯ ಯಾರಲ್ಲಿದೆ ಎಂದು ಹಗ್ಗದಯ್ಯನಿಗೆ ತಿಳಿಸಿ, ಏನು ಮಾಡಿದರೂ ಬಸಪ್ಪನಿಗೆ ಗೊತ್ತಾಗದ ಹಾಗೆ ನಡೆ ಎಂದೆವು. ತಮ್ಮನ ಕಡೆಯ ಆ ಹಿರಿಯರೇ ಸನ್ನೆ ಹಿಡಿಯಲೆಂದು ಅವನ ಮುಖಕ್ಕೆ ಮುಖ ಕೊಟ್ಟು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಂದರು. ಹಗ್ಗದಯ್ಯ ಬೆವರಿದ, ಹಲ್ಲು ಕಚ್ಚಿದ, ಒಂದು ಸುತ್ತಿನಲ್ಲಿ ಕಣ್ಣು ಮುಚ್ಚಿಕೊಂಡೇ ನಡೆದ. ಹತ್ತಕ್ಕೆ ಎಂಟು ಸಲ ಬಸಪ್ಪ ಸರಿಯಾದವರನ್ನೇ ಎಳೆದ.

"ನಂಗೆ ಏನೂ ಕಾಣ್ನಿಲ್ಲ ಕಣ್ರಪ್ಪಾ," ಎಂದು ಆ ಹಿರಿಯರೇ ಒಪ್ಪಿಕೊಂಡರು. "ಬ್ಯಾಡ ಅಂದ್ರೂ ಓಯ್ತಾನೆ. ಇವ್ನು ಏನ್ ತಾನೆ ಮಾಡಾನು?"

ಆಮೇಲೆ ನಿಜವಾದ ಪರೀಕ್ಷೆ. ಗೆಳೆಯ ಶಾಲೆಯ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಚೀಟಿ ಎತ್ತಿ, ಡಬ್ಬಿಗಳನ್ನು ಸಿದ್ಧ ಮಾಡಿ ಕಿಟಕಿಯಲ್ಲಿ ಇಡುತ್ತಿದ್ದ, ಕಿಟಕಿ ಮುಚ್ಚುತ್ತಿದ್ದ. ಅವನ ಮುಖ ನೋಡದ ಇನ್ನೊಬ್ಬರು ಡಬ್ಬಿ ತಂದು ಹಂಚುತ್ತಿದ್ದರು. ಬಯಲಿನಲ್ಲಿದ್ದ ಯಾರಿಗೂ, ನನಗೂ, ಹಗ್ಗದಯ್ಯನಿಗೂ ಏನೂ ಗೊತ್ತಿರಲಿಲ್ಲ. ಇಪ್ಪತ್ತು ಸುತ್ತು, ಹಗ್ಗದಯ್ಯನೇ ಜೊತೆಯಲ್ಲಿ ನಡೆಯಬೇಕು.

ಮೊದಲ ಸುತ್ತಿನಲ್ಲೇ ಬಸಪ್ಪ ಸಾಲಿನ ಕೊನೆಯವರೆಗೆ ನಡೆದು ನಿಂತುಬಿಟ್ಟ. ತಿರುಗಿ ಹಗ್ಗದಯ್ಯನನ್ನು ನೋಡಿದ. ವಾಪಸ್ಸು ನಡೆದ. ಮತ್ತೆ ನೋಡಿದ. ಕೊನೆಗೆ ಯಾವುದೋ ಒಂದು ಟವೆಲ್ ಎಳೆದ. ಪ್ರತಿ ಸುತ್ತಿನಲ್ಲೂ ಹೀಗೇ. ಏಳನೆಯ ಸುತ್ತಿಗೆ ಹಗ್ಗದಯ್ಯನ ಕಣ್ಣಲ್ಲಿ ನೀರು ಬಂತು.

"ನನ್ನ ಕೇಳ್ತಾವ್ನೆ ಸಾ. ನಂಗೇ ಗೊತ್ತಿಲ್ವಲ್ಲ, ಏನ್ ಯೋಳ್ಲಿ ಅವ್ನಿಗೆ?"

ಇಪ್ಪತ್ತಕ್ಕೆ ಐದು ಸರಿ. ಎಲ್ಲರ ಮುಂದೆ ಗೆಳೆಯನ ಚೀಟಿಗಳನ್ನೂ ನನ್ನ ಪಟ್ಟಿಯನ್ನೂ ತಾಳೆ ನೋಡಿ ಯಜಮಾನರೇ ಎಣಿಸಿದರು. ಅಲ್ಲೇ ಗುಡಿಯ ಜಗಲಿಯ ಮೇಲೆ ಕೂತು ವರದಿ ಬರೆದೆ. ಒಂದೇ ಪುಟ. ಇದರಲ್ಲಿ ಮೋಸವಿಲ್ಲ. ಜೊತೆಯಲ್ಲಿರುವ ಮನುಷ್ಯನಿಗೆ ಗೊತ್ತಿಲ್ಲದ್ದು ಬಸಪ್ಪನಿಗೂ ಗೊತ್ತಿಲ್ಲ. ಮನುಷ್ಯನಿಗೆ ಗೊತ್ತಿರುವುದನ್ನು, ಅವನು ಹೇಳದಿದ್ದರೂ, ಬಸಪ್ಪ ಕಂಡುಕೊಳ್ಳುತ್ತಾನೆ.

ಓದಿ ಮುಗಿಸಿದಾಗ ಯಜಮಾನರು ಹಗ್ಗದಯ್ಯನ ಕಡೆ ತಿರುಗಿದರು.

"ಅಂಗಾರೆ ಆ ದಿನ ಅಣ್ಣನ ಮಗನ್ನ ಎಳೆದದ್ದು? ನಿನ್ ಮನಸ್ನಲ್ಲಿ ಅವ್ನೇ ಇದ್ನೇನ್ಲಾ?"

ಹಗ್ಗದಯ್ಯ ನೆಲ ನೋಡಿದ.

"ಇದ್ದ ಕಣೇಳಿ. ಅವ್ನು ಬಸಪ್ಪಂಗೆ ದಿ‌ನಾ ನೀರು ಮಡಗೋನು. ಅವ್ನಾದ್ರೆ ಚೆಂದ ಅನ್ಕಂಡಿದ್ದೆ. ಬಾಯ್ ಬುಟ್ಟು ಯಾರ್ಗೂ ಯೋಳಿರ್ನಿಲ್ಲ."

ಮೋಸವಿಲ್ಲ, ಆದರೆ ಆರಿಸಿದ್ದು ಬಸಪ್ಪನೂ ಅಲ್ಲ ಎಂಬ ಉತ್ತರಕ್ಕೆ ಒಪ್ಪಂದದಲ್ಲಿ ಜಾಗವಿರಲಿಲ್ಲ, ಹಾಗಾಗಿ ಆ ಆಯ್ಕೆ ಬಿದ್ದುಹೋಯಿತು. ಅಣ್ಣನ ಮಗ, ತಮ್ಮನ ಮಗ ವರ್ಷಕ್ಕೊಬ್ಬರಂತೆ ಪೂಜೆ ಮಾಡಲಿ ಎಂದು ಊರೇ ಕೂತು ತೀರ್ಮಾನಿಸಿತು. ಬಸಪ್ಪನನ್ನು ಇನ್ನು ಯಾರೂ ಏನನ್ನೂ ಕೇಳಬಾರದು, ಕಾಲು ಮುಟ್ಟಿ ಕೈ ಮುಗಿಯಬಹುದು. ಮೋಸವಿಲ್ಲವೆಂದು ಬರೆದಿದ್ದರಿಂದ ಹಗ್ಗದಯ್ಯ ಹಗ್ಗದಯ್ಯನಾಗಿಯೇ ಉಳಿದ.

ನಾನು ಚೀಲ ತೆಗೆದುಕೊಂಡು ಹೊರಟಾಗ ಅವನು ಹಿಂದೆ ಬಂದ. ಅವನ ಬಸಪ್ಪನಲ್ಲಿ ದೇವರಿಲ್ಲ ಎಂದು ಊರ ಮುಂದೆ ಬರೆದುಕೊಟ್ಟು ಬಂದಿದ್ದೇನೆ, ಅಳುತ್ತಾನೆ ಅಥವಾ ಬೈಯುತ್ತಾನೆ ಎಂದುಕೊಂಡೆ.

"ಸಾ, ಆ ಇಡಿಯೊ ಒಂದ್ಸಲ ತೋರ್ಸಿ. ಮೊದಲ್ನೇ ದಿನದ್ದು."

ತೋರಿಸಿದೆ. ಬಿಸಿಲಿಗೆ ಅಂಗೈ ಅಡ್ಡ ಹಿಡಿದು ನೋಡಿದ. ಬಸಪ್ಪನ ಕಿವಿ ಎಲ್ಲಿ ತಿರುಗುತ್ತದೆ, ಕಣ್ಣು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ.

"ಇನ್ನೊಂದ್ಸಲ ಆಕಿ ಸಾ."

ಮತ್ತೆ ಹಾಕಿದೆ. ಐದಾರು ಸಲ ನೋಡಿದ. ಕೊನೆಗೆ ಟವೆಲಿನಲ್ಲಿ ಮುಖ ಒರೆಸಿಕೊಂಡ. ಅವನು ನಗುತ್ತಿದ್ದ.

"ದ್ಯಾವ್ರು ಅಂತ ನಾನು ಇವ್ನ ಮುಖ ನೋಡ್ಕಂಡು ಬದುಕ್ದೆ. ಇವ್ನು ನೋಡುದ್ರೆ ಇಷ್ಟು ವರ್ಸದಿಂದ ನನ್ ಮುಖಾನೇ ನೋಡ್ತಾ ಇದ್ನಾ ಸಾ? ನಾನು ಉಸ್ರು ಬುಡೋದೂ ಅವ್ನಿಗೆ ಗೊತ್ತಾಯ್ತಿತ್ತಾ?"

"ಹೌದು," ಎಂದೆ. ವೈಜ್ಞಾನಿಕವಾಗಿ ಅಷ್ಟೇ ಹೇಳಬಹುದಿತ್ತು.

"ದ್ಯಾವ್ರು ಒಳ್ಳೇದ್ ಮಾಡ್ಲಿ ಸಾ ನಿಮ್ಗೆ," ಎಂದು ನನಗೆ ಕೈ ಮುಗಿದು ಬಸಪ್ಪನ ಕಡೆಗೆ ಹೋದ. ಅವನಿಂದ ಕಿತ್ತುಕೊಳ್ಳಬೇಕೆಂದು ಹೋದವನು ನಾನು. ಅವನಿಗೆ ತನ್ನ ಹತ್ತಿರ ಏನಿದೆ ಎಂಬುದೇ ಪೂರ್ತಿ ಗೊತ್ತಿರಲಿಲ್ಲ, ಅದನ್ನು ಸಾಕ್ಷಿ ಸಮೇತ ತೋರಿಸಿಕೊಟ್ಟು ಬಂದೆ.

ಮೊನ್ನೆ ಲಸಿಕೆ ಹಾಕಲು ಮತ್ತೆ ಹೋಗಿದ್ದೆ. ಬೈಕಿನ ಸದ್ದಿಗೆ ಊರಿನ ದನಗಳೆಲ್ಲ ಹಗ್ಗ ಜಗ್ಗಿದವು. ಬಸಪ್ಪನ ಹತ್ತಿರ ಎಡಗಡೆಯಿಂದಲೇ ಹೋದೆ, ಉಸಿರು ನಿಧಾನವಾಗಿ ಬಿಟ್ಟೆ. ಅವನು ನನ್ನ ಕೈ ಮೂಸಿದ, ಸೂಜಿಯ ವಾಸನೆಗೆ ಹಿಂದೆ ಸರಿದ, ನನ್ನ ಹೆಗಲಾಚೆಗೆ ನೋಡಿದ. ಹಗ್ಗದಯ್ಯ ಹತ್ತು ಮಾರು ದೂರದಲ್ಲಿ ಹುಲ್ಲು ಬಿಡಿಸುತ್ತಿದ್ದ. ತಲೆಯೆತ್ತಿ ಒಂದು ಸಲ ನಕ್ಕ, ಅಷ್ಟೇ. ಬಸಪ್ಪ ಕಲ್ಲಿನಂತೆ ನಿಂತುಕೊಂಡ, ನಾನು ಲಸಿಕೆ ಹಾಕಿದೆ.

ಗೆಳೆಯ ಹಳೆಯ ದಾಖಲೆಗಳನ್ನೆಲ್ಲ ಕೇಳಿದಾಗ ಮೊದಲ ದಿನದ್ದನ್ನೂ ಮೂರನೆಯ ಸಲದ್ದನ್ನೂ ಕಳಿಸಿದೆ. ಎರಡನೆಯ ದಿನದ್ದು ಎಲ್ಲಿ ಎಂದರೆ, ಲೆಕ್ಕಕ್ಕಿಲ್ಲದ್ದು ಯಾಕೆ ಬಿಡು ಎಂದೆ. ಅದು ನನ್ನ ಮೊಬೈಲಿನಲ್ಲಿ ಹಾಗೇ ಇದೆ. ಸುತ್ತು ಸುತ್ತಿನ ನಡುವೆ ಬಸಪ್ಪ, ಹಗ್ಗದಯ್ಯ ಹೋಗಿದ್ದ ಕೆರೆ ಏರಿಯ ಕಡೆಗೇ ಕಿವಿ ನಿಮಿರಿಸಿ ನಿಂತಿರುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆ ಭಾಗ ಬಂದಾಗ ನಾನು ಬೆರಳಿನಿಂದ ಮುಂದಕ್ಕೆ ಸರಿಸುತ್ತೇನೆ. ನನ್ನ ಹೆಜ್ಜೆ ಗಿಡ್ಡವಾಗಿ, ಉಸಿರು ನಿಂತು, ಅವನ ಕಿವಿ ನನ್ನ ಕಡೆಗೆ ತಿರುಗುವ ಜಾಗದಲ್ಲಿ ನಿಲ್ಲಿಸಿ ನೋಡುತ್ತೇನೆ.